ಮಳೆರಾಯ ‘ಹುಯ್ಯೋ’ದು ಅಂದರೆ ಏನು?

ಮೊನ್ನೆ ರೆಡ್ ಅಲರ್ಟ್ ಅಂತ ಶಾಲೆಗೆ ರಜೆ ಕೊಟ್ಟಿದ್ದರು. ಬೆಳಿಗ್ಗೆಯಿಂದ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಕೆಲಸ, ಮಳೆ ಹಾಡು ಹಾಕುವುದು. ಭಾವ ‘ಮುಂಗಾರು ಮಳೆ’ಯಿಂದ ಶುರು ಮಾಡಿದರು (2006ರಿಂದ ಅವರದ್ದು ಅದೊಂದೇ), ಚಿಕ್ಕಪ್ಪ ಬೇಂದ್ರೆಯವರ ‘ಶ್ರಾವಣಾ ಬಂತು’ ಕಳಿಸಿದರು, ಕೊನೆಗೆ ಮೈಸೂರಿನಲ್ಲಿರುವ ಅತ್ತಿಗೆ ‘ಹುಯ್ಯೋ ಹುಯ್ಯೋ ಮಳೆರಾಯ, ಹೂವಿನ ತೋಟಕೆ ನೀರಿಲ್ಲ’ ಅಂತ ತಾವೇ ಹಾಡಿ ಕಳಿಸಿದರು. ಇಲ್ಲಿ ಉಡುಪಿಯಲ್ಲಿ ತೋಟವೇ ನೀರೊಳಗೆ ಇದೆ ಮಾರಾಯ್ರೆ, ಇನ್ನೂ ಕರೆಯುವುದಾ!

ಅತ್ತಿಗೆಯ ಬಾಯಲ್ಲಿ ಅದು ‘ಉಯ್ಯೋ ಉಯ್ಯೋ’ ಅಂತಲೇ ಕೇಳುತ್ತದೆ. ನನ್ನ ಮಗಳು ಇಷ್ಟು ದಿನ ಮಳೆರಾಯ ಉಯ್ಯಾಲೆ ಆಡುತ್ತಾನೆ ಅಂತ ತಿಳಿದುಕೊಂಡಿದ್ದಳಂತೆ. ಅಲ್ಲ, ಮಳೆ ಸುರಿಸು ಅಂತ ಅರ್ಥ ಅಂದೆ. ‘ಹಾಗಾದರೆ ನಾವು ಯಾಕೆ ಹಾಗೆ ಹೇಳುವುದಿಲ್ಲ?’ ಅಂದಳು. ಹೌದಲ್ವಾ? ನಮ್ಮ ಕಡೆ ಕನ್ನಡದಲ್ಲಿ ಮಳೆ ಬರುತ್ತದೆ, ಹೊಡೆಯುತ್ತದೆ, ಜಾಸ್ತಿ ಆದರೆ ಚಚ್ಚುತ್ತದೆ. ತುಳುವಿನಲ್ಲೂ ‘ಬರ್ಸ ಬರ್ಪುಂಡು’, ಬರುವುದೇ. ಮಳೆ ಹುಯ್ಯಿತು ಅಂತ ನಾನಂತೂ ಒಂದು ದಿನವೂ ಹೇಳಿದ್ದಿಲ್ಲ.

ಆದರೆ ಪದ ನಮ್ಮಲ್ಲಿ ಇಲ್ಲ ಅಂತಲ್ಲ. ಅಡಿಗೆ ಮನೆಯಲ್ಲಿದೆ. ನಾವು ದೋಸೆ ‘ಹೊಯ್ಯುವುದು’. ಅಮ್ಮ ನೀರುದೋಸೆ ಹೊಯ್ಯುವಾಗ ಮಗಳನ್ನು ಕರೆದು ತೋರಿಸಿದೆ. ಹಿಟ್ಟು ಮಜ್ಜಿಗೆಯಷ್ಟು ತೆಳು, ಉದ್ದಿನ ದೋಸೆಯ ಹಾಗೆ ನಡುವೆ ಸುರಿದು ಹರಡುವುದಕ್ಕೆ ಆಗುವುದಿಲ್ಲ. ಸೌಟನ್ನು ಸ್ವಲ್ಪ ಎತ್ತರದಿಂದ ಬೀಸಿ, ಕಾವಲಿಯ ಅಂಚಿನಿಂದ ಸುತ್ತ ಎರಚುತ್ತಾ ಬರಬೇಕು. ಹಿಟ್ಟು ಬಿದ್ದಲ್ಲೆಲ್ಲ ಚುಂಯ್ ಅಂತ ತೂತು. ಅದು ಸುರಿಯುವುದೂ ಹೌದು, ಹೊಡೆಯುವುದೂ ಹೌದು.

ನನ್ನ ಪ್ರಶ್ನೆ ಶುರುವಾಗಿದ್ದು ಅಲ್ಲಿಂದ. ಹೊಯ್ ಅಂದರೆ ಹೊಡೆ ಅಂತಲೂ ಇದೆ. ಹೊಯ್ಸಳರ ಕಥೆಯಲ್ಲಿ ಗುರು ‘ಹೊಯ್ ಸಳ’ ಅಂದದ್ದು ಹುಲಿಯನ್ನು ಹೊಡಿ ಅಂತ, ಅದರ ಮೇಲೆ ನೀರು ಹೊಯ್ಯಿ ಅಂತ ಅಲ್ಲ. ಈ ಎರಡು ಹೊಯ್ ಒಂದೇ ಪದವಾ, ಅಥವಾ ಬೇರೆ ಬೇರೆ ಎರಡು ಪದ ಸವೆದು ಒಂದೇ ಥರ ಆಗಿದ್ದಾ?

ಎರಡು ಅನ್ನುವುದಕ್ಕೆ ಒಂದು ಕಾರಣ ಇದೆ. ತಲಪಾಡಿ ದಾಟಿ ಆಚೆ ಹೋದರೆ ಮಲಯಾಳದಲ್ಲಿ ಮಳೆ ‘ಪೆಯ್ಯು’ತ್ತದೆ, ತಮಿಳಿನಲ್ಲೂ ‘ಪೆಯ್’. ಪಾಲು ಹಾಲಾದ ಹಾಗೆ ನಮ್ಮ ಹಳೆಯ ಪೊಯ್ ಹೊಯ್ ಆಯಿತು, ಅದು ಸರಿ. ಎಕಾರದ ಜಾಗದಲ್ಲಿ ಒಕಾರ ಯಾಕೆ ಅಂದರೆ, ಹೆಣ್ಣಿಗೆ ತಮಿಳಿನಲ್ಲಿ ಪೆಣ್, ತುಳುವಿನಲ್ಲಿ ಪೊಣ್ಣು ಅಲ್ವಾ, ಪಕಾರದ ಪಕ್ಕ ತುಟಿ ಸುಮ್ನೆ ದುಂಡಗಾಗುತ್ತದೆ. ಹಾಗಾಗಿ ಮಳೆಯ ಹೊಯ್ ಈ ‘ಪೆಯ್’ನ ಮನೆಯದ್ದೇ ಅಂತ ನನ್ನ ಲೆಕ್ಕ. ಆದರೆ ಆ ‘ಪೆಯ್’ಗೆ ಹೊಡೆತದ ಅರ್ಥ ಇರುವುದನ್ನು ನಾನು ಕೇಳಿಲ್ಲ.

ಒಂದೇ ಅನ್ನುವವರಿಗೂ ಹಿಡಿದುಕೊಳ್ಳಲು ಏನೋ ಒಂದು ಇದೆ: ‘ಜಡಿ’. ಮೊಳೆ ಜಡಿಯುತ್ತೇವೆ, ಬಿಡದೆ ಬಂದರೆ ಜಡಿಮಳೆ. ಕನ್ನಡದಲ್ಲಿ ಮಳೆಗೂ ಪೆಟ್ಟಿಗೂ ಹಳೆಯ ನೆಂಟಸ್ತಿಕೆ ಇರುವ ಹಾಗೆ ಕಾಣುತ್ತದೆ. ಕೂಗಾಟದ ‘ಹುಯಿಲು’ ಮಾತ್ರ ಇದಕ್ಕೆ ಸೇರಿದ್ದಲ್ಲ ಅಂತ ನನಗೆ ಅನಿಸುತ್ತದೆ, ಅದನ್ನು ದಯವಿಟ್ಟು ಇಲ್ಲಿಗೆ ಎಳೆಯಬೇಡಿ.

ಇನ್ನೊಂದು ಸಣ್ಣ ವಿಚಾರ. ಅತ್ತಿಗೆಯ ಊರಲ್ಲಿ ದೊಡ್ಡವರೂ ‘ಮಳೆ ಹುಯ್ತು’ ಅನ್ನುತ್ತಾರಂತೆ. ಕುಂದಾಪುರ, ಪುತ್ತೂರು, ಸುಳ್ಯದ ಕಡೆಯವರು ಯಾರಾದರೂ ಮನೆಮಾತಿನಲ್ಲಿ ಮಳೆಗೆ ಹೊಯ್ ಬಳಸುತ್ತೀರಾ? ಹಾಡಿನಲ್ಲಿ ಅಲ್ಲ, ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದಾಗ, ಒಳಗಿದ್ದವರನ್ನು ಕೂಗಿ ಕರೆಯುವಾಗ.