ಕ್ಲಾಡ್ ರೇನ್ಸ್: ಹೆಚ್ಚು ದುಡಿದದ್ದು ದನಿಯೋ, ದೇಹವೋ?

ತೆರೆಯಂಚು
ಹಳೆಯ ಹಾಲಿವುಡ್ ನಟ ಕ್ಲಾಡ್ ರೇನ್ಸ್ ಹೆಸರೆತ್ತಿದರೆ ಸಾಕು, ಎಲ್ಲರೂ ದನಿಯನ್ನೇ ಹೊಗಳುತ್ತಾರೆ. ಕಾರಣ 1933ರ 'ದಿ ಇನ್‌ವಿಸಿಬಲ್ ಮ್ಯಾನ್'. ಅದರಲ್ಲಿ ಅವನು ಅದೃಶ್ಯನಾದ ವಿಜ್ಞಾನಿ, ಮುಖ ಕಾಣುವುದು ಕಟ್ಟಕಡೆಗೆ, ಸಾವಿನ ಹಾಸಿಗೆಯ ಮೇಲೆ. ಉಳಿದದ್ದೆಲ್ಲ ಬ್ಯಾಂಡೇಜು, ಕಪ್ಪು ಕನ್ನಡಕ, ಮಾತು. ನನ್ನ ವಾದ ಇಷ್ಟೇ: ಆ ಚಿತ್ರದ ಗೆಲುವು ನಟನದ್ದಲ್ಲ, ಟ್ರಿಕ್ ದೃಶ್ಯಗಳನ್ನು ಮಾಡಿದ ಜಾನ್ ಪಿ. ಫುಲ್ಟನ್‌ದು. ರೇನ್ಸ್ ಎಂಥ ನಟ ಅಂತ ತಿಳಿಯಬೇಕಾದರೆ 1946ರ 'ನಟೋರಿಯಸ್' ನೋಡಬೇಕು.

ರಂಗದನಿ
ದನಿಯನ್ನು ಅಷ್ಟು ಹಗುರವಾಗಿ ತಳ್ಳಬೇಡಿ ಸರ್. ಅದು ಹುಟ್ಟಿನಿಂದ ಬಂದದ್ದಲ್ಲ, ದುಡಿದು ಗಳಿಸಿದ್ದು. 1889ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬಡ ಹುಡುಗ. ಮಾತು ಅಪ್ಪಟ ಕಾಕ್ನಿ, ಅಂದರೆ ಲಂಡನ್ನಿನ ಬಡ ಕೇರಿಗಳ ಆಡುಮಾತು, ಮೇಲೆ 'ರ' ಹೊರಳುತ್ತಿರಲಿಲ್ಲ, 'ವ' ಆಗಿಬಿಡುತ್ತಿತ್ತು. ತನ್ನ ಹೆಸರನ್ನೇ 'ವೇನ್ಸ್' ಅನ್ನುತ್ತಿದ್ದ. ಹರ್ಬರ್ಟ್ ಬೀರ್‌ಬೋಮ್ ಟ್ರೀ ನಡೆಸುತ್ತಿದ್ದ ರಂಗಮಂದಿರದಲ್ಲಿ ಅವನಿಗೆ ಕಾಲ್‌ಬಾಯ್ ಕೆಲಸ. ಅಂದರೆ ಪ್ರವೇಶದ ಹೊತ್ತಿಗೆ ಸರಿಯಾಗಿ ನಟರನ್ನು ಬಣ್ಣದ ಕೋಣೆಯಿಂದ ಕೂಗಿ ಕರೆಯುವುದು. ಹುಡುಗನಲ್ಲಿ ಏನೋ ಇದೆ ಅಂತ ಕಂಡ ಟ್ರೀ ಉಚ್ಚಾರದ ಪಾಠಕ್ಕೆ ತಾನೇ ಹಣ ಕೊಟ್ಟ. ಆಮೇಲೆ ರೇನ್ಸ್ ಪ್ರಾಂಪ್ಟರ್ ಆದ, ಸ್ಟೇಜ್ ಮ್ಯಾನೇಜರ್ ಆದ. ಪರದೆಯ ಪಕ್ಕ ನಿಂತು ದಿನಾ ಇನ್ನೊಬ್ಬರ ಮಾತನ್ನು ಅಕ್ಷರ ಬಿಡದೆ ಹಿಂಬಾಲಿಸುವವನಿಗೆ ವಾಕ್ಯದಲ್ಲಿ ಉಸಿರು ಎಲ್ಲಿ ಬೀಳಬೇಕು ಅನ್ನುವುದು ಕಿವಿಗೇ ಹತ್ತಿಬಿಡುತ್ತದೆ. ಮೊದಲ ಮಹಾಯುದ್ಧದ ನಂತರ ಅವನು ಲಂಡನ್ನಿನ ರಾಡಾ ನಾಟಕ ಶಾಲೆಯಲ್ಲಿ ಪಾಠ ಹೇಳಿದ. ಮುಂದೆ ದೊಡ್ಡ ನಟರಾದ ಜಾನ್ ಗಿಲ್ಗುಡ್, ಚಾರ್ಲ್ಸ್ ಲಾಟನ್ ಇಬ್ಬರೂ ಅವನ ಕೈಯಲ್ಲಿ ಕಲಿತವರು. ಮಾತಾಡಲು ತೊದಲುತ್ತಿದ್ದವನು ಗಿಲ್ಗುಡ್‌ಗೆ ಮೇಷ್ಟ್ರಾದ ಅಂದರೆ ನಡುವೆ ಎಷ್ಟು ಸಾಧನೆ ನಡೆದಿರಬೇಕು, ಯೋಚಿಸಿ.

ಫ್ರೇಮ್ 24
ಫುಲ್ಟನ್ ಕೆಲಸದ ಬಗ್ಗೆ ಸ್ವಲ್ಪ ವಿವರ ಕೊಡುತ್ತೇನೆ. ಯಾರ ಪಾಲು ಎಷ್ಟು ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಅಂಗಿ, ಪ್ಯಾಂಟು ಮಾತ್ರ ಓಡಾಡುವ ಶಾಟ್‌ಗಳಲ್ಲಿ ತಂತಿ ಕಟ್ಟಿ ಎಳೆದರೆ ಬಟ್ಟೆ ಜೋಲುತ್ತದೆ, ಒಳಗೆ ಮೈ ಇದೆ ಅನ್ನಿಸುವುದಿಲ್ಲ. ಆದ್ದರಿಂದ ಮೊದಲು ಕೋಣೆ, ಉಳಿದ ನಟರು ಎಲ್ಲ ಇರುವ ಹಿನ್ನೆಲೆಯನ್ನು ಮಾಮೂಲಿಯಾಗಿ ಚಿತ್ರೀಕರಿಸಿದರು. ಆಮೇಲೆ ಗೋಡೆ, ನೆಲ ಎಲ್ಲಕ್ಕೂ ಕಪ್ಪು ವೆಲ್ವೆಟ್ ಹೊದಿಸಿದ ಬೇರೆ ಸೆಟ್. ನಟನ ತಲೆಯಿಂದ ಬೆರಳ ತುದಿಯವರೆಗೂ ಕಪ್ಪು ವೆಲ್ವೆಟ್ಟೇ, ಅದರ ಮೇಲೆ ಪಾತ್ರದ ಬಟ್ಟೆ. ವೆಲ್ವೆಟ್ ಬೆಳಕನ್ನು ನುಂಗುವುದರಿಂದ ಫಿಲ್ಮಿನಲ್ಲಿ ಬಟ್ಟೆ ಮಾತ್ರ ಮೂಡುತ್ತದೆ. ಆ ನೆಗೆಟಿವ್‌ನಿಂದ ಬಟ್ಟೆಯ ಆಕಾರದ ಮ್ಯಾಟ್ (ಅಷ್ಟು ಭಾಗಕ್ಕೆ ಬೆಳಕು ತಡೆಯುವ ಕಪ್ಪು ಅಚ್ಚು) ತೆಗೆದು, ಹಿನ್ನೆಲೆಯಲ್ಲಿ ಅಷ್ಟು ಜಾಗ ಮುಚ್ಚಿ, ಎರಡನ್ನೂ ಒಂದೇ ಫಿಲ್ಮಿಗೆ ಮುದ್ರಿಸಿದರು.

ಕೆಡುವುದು ಎಲ್ಲಿ? ಕೈ ಎದೆಯ ಮುಂದೆ ಬಂದರೆ ಕಪ್ಪು ಕೈಗವಸು ಅಂಗಿಯನ್ನು ಮರೆಮಾಡಿ, ಅಂಗಿಯ ನಡುವೆ ತೂತು ಬಿದ್ದಂತೆ ಕಾಣುತ್ತದೆ. ಹಾಗಾಗಿ ಗುಂಡಿ ಹಾಕುವುದು, ಸಿಗರೇಟು ಹಚ್ಚುವುದು ಎಲ್ಲವನ್ನೂ ಕೈ ಅಡ್ಡ ಬಾರದಂತೆ ಮತ್ತೆ ಮತ್ತೆ ಅಭ್ಯಾಸ ಮಾಡಬೇಕು. ತಲೆ ಪೂರ್ತಿ ಮುಚ್ಚಿದ್ದರಿಂದ ಉಸಿರಿಗೆ ಗಾಳಿ ಕೊಳವೆ ಬೇಕಿತ್ತು, ಅದನ್ನು ಪ್ಯಾಂಟಿನ ಕಾಲೊಳಗಿಂದ ಹೊರಗೆ ತರುತ್ತಿದ್ದರು. ಹೊರಗಿನ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಕಣ್ಣಿಗೆ ಬಿಟ್ಟ ರಂಧ್ರದಂಥ ಕಲೆಗಳನ್ನು ಕುಂಚ ಹಿಡಿದು ಫ್ರೇಮು ಫ್ರೇಮಾಗಿ ಅಳಿಸಬೇಕು. ಸೆಕೆಂಡಿಗೆ 24 ಫ್ರೇಮ್ ಅಂದರೆ ಒಂದು ನಿಮಿಷದ ದೃಶ್ಯಕ್ಕೆ 1,440. ಕನ್ನಡಿ ಮುಂದೆ ಬ್ಯಾಂಡೇಜು ಬಿಚ್ಚುವ ಶಾಟ್ ಎಲ್ಲಕ್ಕಿಂತ ಕಷ್ಟದ್ದು. ಮನುಷ್ಯನ ಬೆನ್ನು, ಅವನ ಎದುರಿನ ಗೋಡೆ, ಕನ್ನಡಿಯೊಳಗಿನ ಅವನ ಮುಂಭಾಗ, ಅದರ ಹಿಂದೆ ಕಾಣುವ ಕೋಣೆ, ನಾಲ್ಕನ್ನೂ ಬೇರೆ ಬೇರೆ ತೆಗೆದು ಕೂಡಿಸಿದ್ದು.

ಇಂಥ ಶಾಟ್‌ಗಳಲ್ಲಿ ಹಲವೆಡೆ ಒಳಗಿದ್ದದ್ದು ಡೂಪ್. ಅಲ್ಲಿಗೆ ತೆರೆಯಂಚು ಅವರ ಮಾತು ಅರ್ಧ ಸರಿ.

ರಂಗದನಿ
ಅರ್ಧ ಸರಿ ಅಂದರೆ ಇನ್ನರ್ಧ ನನ್ನ ಪರ. ಡೂಪ್ ನಡೆದಾಡಿದರೂ ಆ ಖಾಲಿ ಕಾಲರಿನ ಒಳಗೆ ಒಬ್ಬ ಅಹಂಕಾರಿ ವಿಜ್ಞಾನಿ ಇದ್ದಾನೆ ಅಂತ ನಂಬಿಸಿದ್ದು ದನಿ ತಾನೇ? ಮೊದಲಿಗೆ ಸತ್ರದವರ ಜೊತೆ ಬೇಸತ್ತ ಬಾಡಿಗೆದಾರನ ಮಾತು. ಹೋಗುತ್ತ ಹೋಗುತ್ತ ವಾಕ್ಯದ ಕೊನೆ ಮೇಲೇರುತ್ತದೆ, ನಗು ನಡುವೆ ನುಗ್ಗುತ್ತದೆ. ಹುಚ್ಚು ಹಿಡಿಯುವುದನ್ನು ಕಿವಿಯಿಂದಲೇ ಅಳೆಯಬಹುದು. ನಿರ್ದೇಶಕ ಜೇಮ್ಸ್ ವೇಲ್ ಅವನನ್ನು ಆರಿಸಿದ್ದೂ ಸ್ಕ್ರೀನ್ ಟೆಸ್ಟಿನಲ್ಲಿ ದನಿ ಕೇಳಿಯೇ. ಅದಕ್ಕೆ ಮುಂಚೆ ಅವನು ಮಾಡಿದ್ದು ಒಂದೇ ಒಂದು ಮೂಕಿ ಚಿತ್ರ, 1920ರಲ್ಲಿ.

ಹಿಮದ ಹೆಜ್ಜೆ
ಫ್ರೇಮ್ ಸರ್, ಹಿಮದ ಮೇಲೆ ಮೂಡುವ ಹೆಜ್ಜೆ ಗುರುತು ಹೇಗೆ ಮಾಡಿದರು?

ಫ್ರೇಮ್ 24
ಅದರಲ್ಲಿ ಲ್ಯಾಬ್ ಕೆಲಸ ಇಲ್ಲ, ಬಡಗಿ ಕೆಲಸ. ನೆಲದಲ್ಲಿ ಹಳ್ಳ ತೋಡಿ, ಮೇಲೆ ಹಲಗೆ ಹಾಸಿ, ಹೆಜ್ಜೆಯ ಆಕಾರದಲ್ಲಿ ತೂತು ಕೊರೆದು, ಕೊರೆದ ತುಂಡನ್ನೇ ಅಲ್ಲಿ ಕೂರಿಸಿ ಮೇಲೆ ಹಿಮ ಹರಡಿದ್ದರು. ಹಗ್ಗ ಎಳೆದಾಗ ತುಂಡು ಕೆಳಗೆ ಬೀಳುತ್ತದೆ, ಹಿಮ ಕುಸಿಯುತ್ತದೆ. ತಪ್ಪೊಂದು ಉಳಿದುಬಿಟ್ಟಿದೆ: ಕಥೆಯ ಪ್ರಕಾರ ಅವನು ಬೆತ್ತಲೆ, ಬರಿಗಾಲು. ಹಿಮದಲ್ಲಿ ಮೂಡುವುದು ಬೂಟಿನ ಗುರುತು!

ತೆರೆಯಂಚು
ಈಗ 'ನಟೋರಿಯಸ್'ಗೆ ಬನ್ನಿ. ಅಲ್ಲಿ ರೇನ್ಸ್ ನಾಜಿ ಗುಂಪಿನ ಅಲೆಕ್ಸಾಂಡರ್ ಸೆಬಾಸ್ಟಿಯನ್. ಅವನ ಹೆಂಡತಿಯಾಗುವ ಇಂಗ್ರಿಡ್ ಬರ್ಗ್‌ಮನ್ ಅವನಿಗಿಂತ ಎತ್ತರ. ನಿರ್ದೇಶಕ ಹಿಚ್‌ಕಾಕ್ ಹತ್ತಿರದ ಶಾಟ್‌ಗಳಲ್ಲಿ ರೇನ್ಸ್‌ನನ್ನು ಪೆಟ್ಟಿಗೆಯ ಮೇಲೆ ನಿಲ್ಲಿಸಿದ. ಕ್ಯಾಮೆರಾ ಕಡೆಗೆ ನಡೆದು ಬರುವ ಕಡೆ ಪೆಟ್ಟಿಗೆ ಇಡಲಾಗದೆ, ಬರಬರುತ್ತ ಎತ್ತರವಾಗುವ ಹಲಗೆ ಹಾಕಿಸಿದ. ಇಳಿಜಾರಿನ ಮೇಲೆ ಕಾಲಿಡುವಾಗ ಹೆಗಲು ಅಲುಗದಂತೆ, ದೃಷ್ಟಿ ಕೆಳಗೆ ಹೋಗದಂತೆ ನಡೆಯುವುದು ಸುಲಭವಲ್ಲ. ಇದು ದೇಹದ ಕೆಲಸ. ಕೊನೆಯ ಮೆಟ್ಟಿಲ ದೃಶ್ಯದಲ್ಲಂತೂ ಅವನ ಮಾತು ಕೆಲವೇ ಕೆಲವು. ಹೆಂಡತಿಯನ್ನು ಕರೆದೊಯ್ಯುವವನನ್ನು ತಡೆಯುವಂತಿಲ್ಲ, ಅವಳು ಅಮೆರಿಕದ ಗೂಢಚಾರಿಣಿ ಅನ್ನುವ ನಿಜ ಮೇಲೆ ನಿಂತ ಜೊತೆಗಾರರಿಗೆ ತಿಳಿಯುವಂತಿಲ್ಲ. ಇಬ್ಬರ ನಡುವೆ ಸಿಕ್ಕಿದವನ ಭಯ ಇರುವುದು ಕಣ್ಣಲ್ಲಿ. ಶಬ್ದ ಬಂದ್ ಮಾಡಿ ಆ ದೃಶ್ಯ ನೋಡಿ.

ಮ್ಯಾಟಿನಿ
ಕಣ್ಣು ಅಂದಿರಲ್ಲ, ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಮೊದಲ ಮಹಾಯುದ್ಧದಲ್ಲಿ ರೇನ್ಸ್ ಲಂಡನ್ ಸ್ಕಾಟಿಷ್ ರೆಜಿಮೆಂಟಿನಲ್ಲಿದ್ದರು. ಫ್ರಾನ್ಸಿನ ವಿಮಿ ಹತ್ತಿರ ವಿಷಾನಿಲಕ್ಕೆ ಸಿಕ್ಕಿ ಬಲಗಣ್ಣಿನ ದೃಷ್ಟಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಒಂದೇ ಕಣ್ಣಲ್ಲಿ ದೂರ, ಆಳ ಅಂದಾಜು ಸಿಗುವುದು ಕಷ್ಟ. ಆ ಹಲಗೆ, ಆ ಮೆಟ್ಟಿಲು ಎಲ್ಲವನ್ನೂ ಆ ಸ್ಥಿತಿಯಲ್ಲೇ ನಡೆದದ್ದು. ತೆರೆಯ ಮೇಲೆ ಅದರ ಸುಳಿವೇ ಸಿಗುವುದಿಲ್ಲ.

ಇಂಥವರಿಗೆ ಒಂದು ಆಸ್ಕರ್ ಬರಲಿಲ್ಲವಲ್ಲ ಅನ್ನುವುದೇ ನನಗೆ ನೋವು. ನಾಲ್ಕು ಸಲ ನಾಮನಿರ್ದೇಶನ, ನಾಲ್ಕೂ ಸಲ ಬೇರೆಯವರ ಪಾಲು.

ಫ್ರೇಮ್ 24
ಮೇಡಂ, ನಾಲ್ಕನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್' ಸಲ ಅದೇ ಚಿತ್ರದ ಹ್ಯಾರಿ ಕೇರಿಯೂ ಅದೇ ವಿಭಾಗದಲ್ಲಿದ್ದ, ಪ್ರಶಸ್ತಿ ಥಾಮಸ್ ಮಿಚೆಲ್‌ಗೆ ಹೋಯಿತು. 'ಕಾಸಾಬ್ಲಾಂಕಾ' ಸಲ ಚಾರ್ಲ್ಸ್ ಕೋಬರ್ನ್. 'ಮಿಸ್ಟರ್ ಸ್ಕೆಫಿಂಗ್ಟನ್' ಸಲ ಬ್ಯಾರಿ ಫಿಟ್ಸ್‌ಜೆರಾಲ್ಡ್, ಆತನಂತೂ ಒಂದೇ ಪಾತ್ರಕ್ಕೆ ನಾಯಕ, ಪೋಷಕ ಎರಡೂ ವಿಭಾಗಗಳಲ್ಲಿ ನಾಮನಿರ್ದೇಶನಗೊಂಡಿದ್ದ. 'ನಟೋರಿಯಸ್' ಸಲ ಗೆದ್ದ ಹೆರಾಲ್ಡ್ ರಸೆಲ್ ಸೈನ್ಯದಲ್ಲಿ ಎರಡೂ ಕೈ ಕಳೆದುಕೊಂಡು ಬಂದವನು. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಅವನ ಎದುರು ಯಾರು ನಿಂತರೂ ಸೋಲುತ್ತಿದ್ದರು. ನಿಜವಾದ ಅನ್ಯಾಯ 'ಕಾಸಾಬ್ಲಾಂಕಾ'ದ್ದು ಮಾತ್ರ. ಲಂಚಕೋರ ಪೊಲೀಸ್ ಅಧಿಕಾರಿ ರೆನೋನನ್ನು ಪ್ರೇಕ್ಷಕ ಕೊನೆಗೆ ಮೆಚ್ಚುವಂತೆ ಮಾಡಬೇಕು, ಅದೂ ಅವನು ಒಳ್ಳೆಯವನು ಅಂತ ಎಲ್ಲೂ ಮುಂಚೆ ಬಿಟ್ಟುಕೊಡದೆ.

ಮ್ಯಾಟಿನಿ
ಒಪ್ಪಿದೆ, ರೆನೋ ವಿಷಯದಲ್ಲಿ. ಆದರೆ ಸ್ಕೆಫಿಂಗ್ಟನ್ನನ್ನು ಬಿಟ್ಟುಕೊಡುವುದಿಲ್ಲ. ಹೆಂಡತಿಯ ತಿರಸ್ಕಾರವನ್ನು ವರ್ಷಗಟ್ಟಲೆ ನುಂಗುವ ಗಂಡ, ಎದುರಿಗೆ ಬೆಟ್ಟಿ ಡೇವಿಸ್. ಆಕೆ ದನಿ ಏರಿಸಿದಷ್ಟೂ ಇವರು ಇಳಿಸುತ್ತಾರೆ.

ರಂಗದನಿ
ನೋಡಿ, ಮೇಡಂ ಕೂಡ ದನಿಗೇ ಬಂದರು.

ಹಿಮದ ಹೆಜ್ಜೆ
ಒಂದು ಸಂದೇಹ. ಇವರನ್ನು ಇಂಗ್ಲಿಷಿನಲ್ಲಿ 'ಕ್ಯಾರೆಕ್ಟರ್ ಆಕ್ಟರ್' ಅನ್ನುತ್ತಾರೆ. ನಮ್ಮಲ್ಲಿ ಪೋಷಕ ನಟ ಅಂದರೆ ಸರಿಹೋಗುತ್ತದೆಯೇ?

ತೆರೆಯಂಚು
ಸರಿಹೋಗುವುದಿಲ್ಲ. ಪೋಷಕ ಅನ್ನುವುದು ಪಾತ್ರದ ಸ್ಥಾನ ಹೇಳುತ್ತದೆ, ನಾಯಕನ ಪಕ್ಕ ನಿಲ್ಲುವವನು ಅಂತ. ಕ್ಯಾರೆಕ್ಟರ್ ಆಕ್ಟರ್ ಅನ್ನುವುದು ನಟನ ಬಗೆ. 'ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್'ನ ನಾಜೂಕು ರಾಜಕುಮಾರ ಜಾನ್, 'ಮಿಸ್ಟರ್ ಸ್ಮಿತ್'ನ ಸೆನೆಟರ್ ಪೇನ್, ರೆನೋ, 1962ರ 'ಲಾರೆನ್ಸ್ ಆಫ್ ಅರೇಬಿಯಾ'ದ ಅಧಿಕಾರಿ ಡ್ರೈಡನ್, ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಇನ್ನು 1951ರಲ್ಲಿ ಅವನಿಗೆ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಬಂತಲ್ಲ, 'ಡಾರ್ಕ್‌ನೆಸ್ ಅಟ್ ನೂನ್' ನಾಟಕಕ್ಕೆ, ಅದು ಸೆರೆಮನೆಯ ಕೋಣೆಯಲ್ಲಿ ಕೂತ ರುಬಶೋವ್ ಪಾತ್ರ. ನಾಟಕ ನಿಂತಿದ್ದೇ ಅವನ ಮೇಲೆ. ಅದರಲ್ಲಿ ಅವನು ಯಾರ ಪೋಷಕನೂ ಅಲ್ಲ.

ರಂಗದನಿ
ರುಬಶೋವ್ ಪಕ್ಕದ ಕೋಣೆಯ ಕೈದಿಯ ಜೊತೆ ಗೋಡೆ ಕುಟ್ಟಿ ಮಾತಾಡುತ್ತಾನೆ. ಅಲ್ಲಿ ದನಿಯೂ ಬೇಕು, ಬೆರಳೂ ಬೇಕು. ಅಷ್ಟರ ಮಟ್ಟಿಗೆ ನಿಮ್ಮ ಮಾತು ಒಪ್ಪುತ್ತೇನೆ.