ಅಪ್‌ಡೇಟ್: ಐಎಸ್‌ಐ ಗುರುತಿದ್ದ ಹಸುವಿನ ಫೀಡ್ ಕತೆ ಏನಾಯ್ತು

ಮುಳಬಾಗಿಲು ಕಡೆಯವನು. ಹೊಸ ಫೀಡ್ ಹಾಕಿದ ಮೇಲೆ ಹಾಲು ಇಳಿದಿದೆ, ಚೀಲದ ಮೇಲಿರೋದನ್ನು ನಂಬಬಹುದಾ ಅಂತ ಹೋದ ವಾರ ಕೇಳಿದ್ದೆ.

ಅಂಗಡಿಯವರ ಜೊತೆ ಮಾತಾಡಿದ್ದು ಸುಮ್ನೆ ವ್ಯರ್ಥ. ಬಕೆಟ್‌ನಲ್ಲಿ ನೆನೆಸಿ ನೋಡಿದೆ, ತಳದಲ್ಲಿ ಒಂದು ಹಿಡಿ ಮರಳು. ಕೆಲಸಕ್ಕೆ ಬಂದದ್ದು ನೀವು ಕೊಟ್ಟ ಬಿಐಎಸ್ ಕೇರ್ ಆ್ಯಪ್ (ಐಎಸ್‌ಐ ಗುರುತು ಕೊಡೋ ಸರ್ಕಾರಿ ಸಂಸ್ಥೆಯ ಆ್ಯಪ್) ಸಲಹೆ. ಐಎಸ್‌ಐ ಗುರುತಿನ ಜೊತೆಗಿದ್ದ ಸಿಎಂ/ಎಲ್ ನಂಬರ್ (ತಯಾರಕರ ಲೈಸೆನ್ಸ್ ನಂಬರ್) ಹಾಕಿದರೆ ಬೇರೆ ಯಾವುದೋ ಕಂಪನಿಯ ಹೆಸರು ಬಂತು! ಬಿಲ್, ಫೋಟೋ ಸೇರಿಸಿ ಅಲ್ಲೇ ದೂರು ಕೊಟ್ಟೆ. ಅದನ್ನು ತೋರಿಸಿದ ಮೇಲೆ ಅಂಗಡಿಯವರು ಉಳಿದ ನಾಲ್ಕು ಚೀಲದ ದುಡ್ಡು ವಾಪಸ್ ಕೊಟ್ಟರು. ದೂರು ಮಾತ್ರ ಹಿಂತೆಗೆದುಕೊಳ್ಳಲ್ಲ. ಕರು ಹಾಕಿದ ಹಸು ಸೊರಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಹೊಸದಾಗಿ ತಿಳಿದದ್ದು: ಹೊಟ್ಟೆಪಾಡಿಗೆ ತಾವೇ ಹಸು ಸಾಕುವವರೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರೇ. 5 ಲಕ್ಷದೊಳಗಿನ ಖರೀದಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕ ಇಲ್ಲ. ಬಿಲ್ ಎಸೀಬೇಡಿ.