ಅಪ್‌ಡೇಟ್: 4 ಜಿಬಿ ಸೆಲೆರಾನ್ ಲ್ಯಾಪ್‌ಟಾಪ್ ಈಗ ಹೇಗಿದೆ

ಎರಡು ಕೋರ್ ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, ನಾಲ್ಕೈದು ಟ್ಯಾಬ್ ತೆರೆದರೆ ಒದ್ದಾಟ, ಎಸ್‌ಎಸ್‌ಡಿ ಹಾಕಿಸಲಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಎಸ್‌ಎಸ್‌ಡಿ ಮಾತು ಅಲ್ಲಿಗೇ ಮುಗಿಯಿತು. ಇದರಲ್ಲಿರೋದು ಇಎಂಎಂಸಿ (ಫೈಲ್ ಉಳಿಸೋ ನಿಧಾನದ ಚಿಪ್), ಬೋರ್ಡಿಗೇ ಬೆಸುಗೆ ಹಾಕಿದ್ದಾರೆ, ಬೇರೆ ಸ್ಲಾಟೂ ಇಲ್ಲ. ಹಾಗಾಗಿ ಫೈಲ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡು ಹಗುರವಾದ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಹಾಕಿದೆ.

ನಿಜವಾದ ವ್ಯತ್ಯಾಸ ಕಂಡದ್ದು ಲಿನಕ್ಸ್‌ನ ಒಂದು ಸೌಲಭ್ಯವಾದ ಜ಼ಡ್‌ರ‍್ಯಾಮ್‌ನಿಂದ. ರ‍್ಯಾಮ್ ತುಂಬಿದಾಗ ನಿಧಾನದ ಡಿಸ್ಕಿಗೆ ಬರೆಯೋ ಬದಲು, ಅದೇ ರ‍್ಯಾಮ್‌ನಲ್ಲೇ ಹಿಂಡಿ ಇಡುತ್ತೆ, ಹಾಸಿಗೆ ಸುತ್ತಿ ಮೂಲೆಗಿಟ್ಟ ಹಾಗೆ. ಟರ್ಮಿನಲ್‌ನಲ್ಲಿ 'ಜ಼ಡ್‌ರ‍್ಯಾಮ್‌ಸಿಟಿಎಲ್' (zramctl) ಆದೇಶ ಕೊಟ್ಟು ನೋಡಿದರೆ, 1 ಜಿಬಿಗೂ ಮೀರಿದ ಡೇಟಾ 350 ಎಂಬಿ ಆಸುಪಾಸಿನಲ್ಲಿ ಕೂತಿತ್ತು! ಸಿಪಿಯುಗೆ ಸ್ವಲ್ಪ ಕೆಲಸ ಹೆಚ್ಚುತ್ತೆ ನಿಜ, ಆದರೆ ಮೌಸ್ ನಿಂತೇ ಹೋಗೋದು ತಪ್ಪಿದೆ.

ಫೈರ್‌ಫಾಕ್ಸ್‌ಗೆ ಜಾಹೀರಾತು ತಡೆಯೋ ಯುಬ್ಲಾಕ್ ಒರಿಜಿನ್ ಹಾಕಿದ ಮೇಲೆ ಸುದ್ದಿ ಸೈಟುಗಳು ಸಲೀಸಾಗಿ ತೆರೆದುಕೊಳ್ತಿವೆ. ಯೂಟ್ಯೂಬ್ ಮಾತ್ರ ತಡವರಿಸ್ತಿತ್ತು. ಅದು ಕಳಿಸೋ ಎವಿ1 ಅನ್ನೋ ಹೊಸ ಮಾದರಿಯ ವಿಡಿಯೊ ಬಿಡಿಸೋ ಹಾರ್ಡ್‌ವೇರ್ ಇಷ್ಟು ಹಳೇ ಚಿಪ್‌ನಲ್ಲಿಲ್ಲ, ಭಾರವೆಲ್ಲ ಸಿಪಿಯು ಮೇಲೆ. ಚಿಪ್‌ಗೆ ಸುಲಭವಾದ ಹಳೇ ಮಾದರಿ ಎಚ್.264 ಮಾತ್ರ ಕೇಳುವ ಹಾಗೆ ಮಾಡುವ ಎಕ್ಸ್‌ಟೆನ್ಷನ್ ಹಾಕಿ, 720ಪಿಗೆ ಇಳಿಸಿದೆ. ಈ ಪರದೆಗೆ ಅದು ಧಾರಾಳ.

ಕನ್ನಡ ಟೈಪಿಂಗ್ ಬಗ್ಗೆ ಕೇಳಿದವರಿಗೆ: ಲಿನಕ್ಸ್‌ನ ಟೈಪಿಂಗ್ ತಂತ್ರಾಂಶ ಐಬಸ್‌ನಲ್ಲಿ ಕಗಪ ಕೀಬೋರ್ಡ್ ವಿನ್ಯಾಸ ಸಿಗುತ್ತೆ, ಇದನ್ನೂ ಅದರಲ್ಲೇ ಬರೆದೆ. ವಿಡಿಯೊ ಕಾಲ್ ಇನ್ನೂ ತಾಪತ್ರಯವೇ, ಅದಕ್ಕೆ ಫೋನ್ ಬಳಸ್ತೀನಿ.